ಲಯೊನೆಲ್ ಪಿಮ್ ಅಪ್ಪಣೆ ಕೇಳಿದ್ದು

ಒಪ್ಪಿಗೆ ಕೊಡುವುದಕ್ಕೆ ನಮ್ಮ ಇಂಗ್ಲಿಷರ ಬಾಯಲ್ಲಿ ಮೂರು ಮಾತುಗಳಿವೆ. ಲೆಟ್ ಅಂದರೆ ಸುಮ್ಮನೆ ಬಿಟ್ಟುಬಿಡುವುದು. ನಾಯಿ ಸೋಫಾದ ಮೇಲೆ ಮಲಗಿದರೆ ನೋಡಿಯೂ ನೋಡದ ಹಾಗೆ ಇರುತ್ತೇವಲ್ಲ, ಅದು. ಅಲೌ ಅಂದರೆ ಮೊದಲು ಮುಖ ಗಂಟು ಹಾಕಿಕೊಂಡು ಆಮೇಲೆ ‘ಹೂಂ, ಆಗಲಿ’ ಎನ್ನುವುದು. ಮಕ್ಕಳು ಇನ್ನೊಂದು ಬಿಸ್ಕತ್ತು ಕೇಳಿದಾಗ ಆಡುವ ಮಾತು. ಪರ್ಮಿಟ್ ಅನ್ನುವುದಕ್ಕೆ ಮಾತ್ರ ಹಲಗೆ ಬೇಕು, ಮೊಹರು ಬೇಕು, ಮೇಲೆ ಕೂತು ಕೊಡುವವನೊಬ್ಬ ಬೇಕು. ಪರದೇಶದವರು ಇದನ್ನು ವ್ಯಾಕರಣ ಅಂದುಕೊಂಡು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರಂತೆ. ಪಾಪ, ಇದು ವ್ಯಾಕರಣವಲ್ಲ, ಹಣೆಬರಹ. ನಮ್ಮ ಹಾಕ್ಸ್‌ಬಿಯಲ್ಲಿ ಕೆಲವರನ್ನು ಹುಟ್ಟಿದಾಗಿನಿಂದ ಎಲ್ಲರೂ ಬಿಟ್ಟುಬಿಡುತ್ತಾರೆ. ಕೆಲವರು ಸಾಯುವತನಕ ಕೇಳುತ್ತಲೇ ಇರುತ್ತಾರೆ.

ಡೆನ್ಜಿಲ್ ಹಾಬ್‌ಡೇ ಮೊದಲನೆಯ ಪಂಗಡದವನು, ಲಯೊನೆಲ್ ಪಿಮ್ ಎರಡನೆಯದಕ್ಕೆ ಸೇರಿದವನು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಊರಿಗಿರುವ ಒಂದೇ ಒಂದು ಅಂಗಡಿ ನನ್ನದು, ಹೀಗಾಗಿ ಎರಡೂ ಮನೆಯ ಸುದ್ದಿ ಹಾಲು, ಬ್ರೆಡ್ಡಿನ ಜೊತೆಗೇ ನನ್ನ ಗಲ್ಲಾದ ಮುಂದೆ ಬಂದು ಬೀಳುತ್ತದೆ.

ಭಾನುವಾರ ಲಯೊನೆಲ್‌ನ ಹೆಂಡತಿ ಮೇವಿಸ್ ಒಲೆಯ ಮೇಲೆ ಕಸ್ಟರ್ಡ್ ಕಾಯಿಸುತ್ತಿರುತ್ತಾಳೆ ಅನ್ನಿ. ಡೆನ್ಜಿಲ್ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಾನೆ, ಬಾಗಿಲು ತಟ್ಟುವುದಿಲ್ಲ. ನೇರ ಪಾತ್ರೆಗೆ ಬೆರಳದ್ದಿ ನೆಕ್ಕುತ್ತಾನೆ. ಮೇವಿಸ್ “ಥೂ, ಕೊಳಕ!” ಎಂದು ನಗುತ್ತಾಳೆ. ಇದನ್ನು ನೋಡಿದ ಲಯೊನೆಲ್‌ಗೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಅವನೂ ಎದ್ದು ಹೋಗಿ, “ಮೇವಿಸ್, ನಾನೂ ಸ್ವಲ್ಪ ರುಚಿ ನೋಡಬಹುದಾ?” ಎಂದು ಕೇಳುತ್ತಾನೆ.

“ಊಟಕ್ಕೆ ಇನ್ನು ಹತ್ತು ನಿಮಿಷ ಇದೆ, ಸುಮ್ನೆ ಕೂತ್ಕೋ,” ಎನ್ನುತ್ತಾಳೆ ಮೇವಿಸ್.

“ಅವನು ನೆಕ್ಕಿದನಲ್ಲ!”

“ಅವನು ಕೇಳಲಿಲ್ಲವಲ್ಲ!”

ಮದುವೆಯಾದಾಗಿನಿಂದ ಆ ಮನೆಯಲ್ಲಿ ನಡೆದಿರುವ ಜಗಳವೆಲ್ಲ ಇಷ್ಟೇ. ಡೆನ್ಜಿಲ್ ಇವರ ಏಣಿ ಎತ್ತಿಕೊಂಡು ಹೋಗುತ್ತಾನೆ, ಇವರ ದಿನಪತ್ರಿಕೆಯ ಪದಬಂಧ ತುಂಬಿಸಿಡುತ್ತಾನೆ, ಇವರ ಬೆಕ್ಕು ಮಲಗುವುದೂ ಅವನ ಮನೆಯಲ್ಲೇ. ಲಯೊನೆಲ್ ಮಾತ್ರ ಅವನ ಬೇಲಿಯಾಚೆ ಬಿದ್ದ ತನ್ನದೇ ಟೋಪಿ ಎತ್ತಿಕೊಳ್ಳುವುದಕ್ಕೂ ಮುಂಬಾಗಿಲಿಗೆ ಹೋಗಿ ಗಂಟೆ ಒತ್ತುವವನು.

ಇನ್ನು ದಾರಿಯ ವಿಷಯ. ನಮ್ಮ ಬೀದಿಯ ಕೊನೆಯಿಂದ ಥ್ರೆಲ್‌ಫಾಲರ ಹುಲ್ಲುಗಾವಲಿನ ನಡುವೆ ಒಂದು ಕಾಲುದಾರಿ ಹೋಗುತ್ತದೆ. ಅದನ್ನು ದಾಟಿದರೆ ಹೆದ್ದಾರಿ, ಬಸ್ ಸ್ಟಾಪು. ದಾರಿ ಇಲ್ಲದಿದ್ದರೆ ರಸ್ತೆ ಹಿಡಿದು ಎರಡು ಮೈಲಿ ಸುತ್ತಬೇಕು. ಮೇವಿಸ್ ಪಟ್ಟಣದ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ, ಅವಳಿಗೆ ಮೊದಲನೆಯ ಬಸ್ಸೇ ಆಗಬೇಕು. ಹಳೆಯ ಥ್ರೆಲ್‌ಫಾಲ್ ಬದುಕಿರುವವರೆಗೆ ಯಾರನ್ನೂ ತಡೆಯಲಿಲ್ಲ, ಯಾರಿಗೂ ಬನ್ನಿ ಅನ್ನಲೂ ಇಲ್ಲ. ಅವನು ಸತ್ತ ಮೇಲೆ ಲಂಡನ್ನಿನಿಂದ ಅವನ ತಮ್ಮನ ಮಗ ಪೆರೆಗ್ರಿನ್ ಬಂದು ಇಳಿದ. ಅವನ ಬೂಟಿಗೆ ಕೆಸರು ಮೆತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಹುಲ್ಲುಗಾವಲಿನ ತುಂಬ ಕ್ಯಾರವಾನ್ ಎನ್ನುವ ಗಾಲಿಮನೆ ನಿಲ್ಲಿಸಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾನೆ ಎಂದು ಸುದ್ದಿಯಾಯಿತು.

ಊರವರೆಲ್ಲ ಸಮುದಾಯ ಭವನದಲ್ಲಿ ಸೇರಿದೆವು. ನಿವೃತ್ತ ವಕೀಲೆ ಮಿಸ್ ವಿಟಲ್ ಕುರ್ಚಿಯ ಮೇಲೆ ಹತ್ತಿ ನಿಂತು ಮಾತಾಡಿದರು. ಅವರು ಅಷ್ಟು ಕುಳ್ಳಿ.

“ಚೆನ್ನಾಗಿ ಕೇಳ್ಕೊಳ್ಳಿ. ಇಪ್ಪತ್ತು ವರ್ಷ ಜನ ಒಂದು ದಾರೀಲಿ ಜಗಳ ಮಾಡದೆ, ಕದ್ದುಮುಚ್ಚಿ ಹೋಗದೆ, ಅಪ್ಪಣೆ ಕೇಳದೆ ಓಡಾಡಿದ್ರೆ ಅದು ಊರಿನ ಹಕ್ಕು. ಮಾಲೀಕ ಸುಮ್ನೆ ಬಿಟ್ಟಿದ್ದ, ನಾವು ಹೋದ್ವಿ, ಅಷ್ಟೇ. ಅದೇ ಅವನು ಬಾಯಿಬಿಟ್ಟು ಅಪ್ಪಣೆ ಕೊಟ್ಟ ಅನ್ನಿ, ಮುಗೀತು. ನಾವು ಅವನ ಮನೆ ಅತಿಥಿಗಳು. ಅತಿಥಿಗೆ ಹಕ್ಕೆಲ್ಲಿಂದ ಬರುತ್ತೆ? ಬಸ್ ಸ್ಟಾಪು ಊರಿಂದ ಹೆದ್ದಾರಿಗೆ ಹೋದಾಗಿಂದ ನಾವು ಆ ದಾರೀಲಿ ಓಡಾಡ್ತಿದ್ದೀವಿ, ಮುಂದಿನ ಆಗಸ್ಟಿಗೆ ಇಪ್ಪತ್ತು ವರ್ಷ ತುಂಬುತ್ತೆ. ಅಲ್ಲೀತನಕ ಎಲ್ಲರ ಬಾಯಿಗೂ ಬೀಗ. ಯಾರೂ ಅವನನ್ನ ಏನೂ ಕೇಳಕೂಡದು!”

“ಎದುರಿಗೆ ಸಿಕ್ಕರೆ ಥ್ಯಾಂಕ್ಸ್ ಅನ್ನಬಹುದಾ?” ಎಂದರು ಪಾದ್ರಿಗಳು.

“ಕೂಡದು!”

“ಸಾರಿ?”

“ಅದಂತೂ ಕೂಡದು!”

ಥ್ಯಾಂಕ್ಸೂ ಇಲ್ಲ, ಸಾರಿಯೂ ಇಲ್ಲ ಅಂದರೆ ಇಂಗ್ಲಿಷರು ಬಾಯಿ ಇಟ್ಟುಕೊಂಡು ಮಾಡುವುದೇನು ಎಂದು ಸಭೆಯಲ್ಲಿ ಗುಜುಗುಜು ಎದ್ದಿತು. ಕೊನೆಗೆ ಎಲ್ಲರೂ ಒಪ್ಪಿದೆವು. ಲಯೊನೆಲ್ ಕೂಡ ಕೈ ಎತ್ತಿದ. ಆದರೆ ಯಾವುದಕ್ಕೆ ಎತ್ತಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಮಿಸ್ ವಿಟಲ್ ಮಾತಾಡಿದಷ್ಟು ಹೊತ್ತೂ ಅವನ ಕಣ್ಣು ಮುಂದಿನ ಸಾಲಿನ ಮೇಲಿತ್ತು. ಅಲ್ಲಿ ಮೇವಿಸ್‌ಳ ಪಕ್ಕದಲ್ಲಿ ಡೆನ್ಜಿಲ್ ಕೂತಿದ್ದ. ಮೇವಿಸ್‌ಳ ತೊಡೆಯ ಮೇಲೆ ಚಿಪ್ಸ್ ಪೊಟ್ಟಣವಿತ್ತು. ಪೊಟ್ಟಣದೊಳಗೆ ಡೆನ್ಜಿಲ್‌ನ ಕೈಯಿತ್ತು.

ವಸಂತ ಬಂತು. ಒಂದು ಬೆಳಿಗ್ಗೆ ಲಯೊನೆಲ್ ಹುಲ್ಲುಗಾವಲು ದಾಟುತ್ತಿದ್ದ. ಅವನ ಮುಂದೆ ಡೆನ್ಜಿಲ್, ಡೆನ್ಜಿಲ್‌ನ ಮುಂದೆ ಅವನ ನಾಯಿ. ದೂರದಲ್ಲಿ ನಿಂತಿದ್ದ ಪೆರೆಗ್ರಿನ್ ಕೈ ಬೀಸಿ, “ಏನಪ್ಪಾ ಡೆನ್ಜಿಲ್, ಹೇಗಿದ್ದೀಯ!” ಎಂದು ಕೂಗಿದ. ಡೆನ್ಜಿಲ್ ಬೆರಳೊಂದನ್ನು ಎತ್ತಿ ಮುಂದೆ ಹೋದ. ನಾಯಿಯನ್ನೂ ಪೆರೆಗ್ರಿನ್ ಮಾತಾಡಿಸಿದ. ಆಮೇಲೆ ಲಯೊನೆಲ್ ಬಂದ. ಪೆರೆಗ್ರಿನ್ ಆಕಾಶ ನೋಡಿದ.

ಅಷ್ಟು ಸಾಕಾಯಿತು. ಇಲ್ಲಿಯೂ ಡೆನ್ಜಿಲ್‌ನನ್ನೇ ಬಿಟ್ಟಿದ್ದಾರೆ! ಅವನ ನಾಯಿಯನ್ನೂ ಬಿಟ್ಟಿದ್ದಾರೆ! ಆದರೆ ಲಯೊನೆಲ್ ಯೋಚಿಸುತ್ತ ಹೋದಂತೆ ಅವನಿಗೊಂದು ಜ್ಞಾನೋದಯವಾಯಿತು. ನಾಯಿಗೂ ಸಿಗುವುದನ್ನು ನೆಚ್ಚಿಕೊಂಡು ಡೆನ್ಜಿಲ್ ಮೆರೆಯುತ್ತಿದ್ದಾನಲ್ಲ, ಅದು ಎಂಥ ಮರ್ಯಾದೆ? ಪರ್ಮಿಟ್ ಅನ್ನುವುದು ಮಾತ್ರ ಮನುಷ್ಯರಿಗಷ್ಟೇ ಸಿಗುವಂಥದ್ದು. ಅದನ್ನು ತಾನು ಪಡೆಯಬೇಕು, ಊರಿನಲ್ಲಿ ಬೇರೆ ಯಾರ ಹತ್ತಿರವೂ ಅದು ಇರಬಾರದು. ಆಗ ಮೇವಿಸ್‌ಗೂ ಗೊತ್ತಾಗುತ್ತದೆ ಯಾರು ಏನೆಂದು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂತಾರಲ್ಲ, ಅದಕ್ಕೆ ಈ ಮಹಾರಾಯ ಟೈ ಬೇರೆ ಕಟ್ಟಿಕೊಂಡು ಹೊರಟ. ಕೈಯಲ್ಲಿ ಮೇವಿಸ್ ಮಾಡಿದ ಹಣ್ಣಿನ ಕೇಕ್.

ಆ ಭೇಟಿಯ ವಿವರವನ್ನು ಅವನೇ ಆಮೇಲೆ ಹೆಮ್ಮೆಯಿಂದ ಎಲ್ಲರಿಗೂ ಹೇಳಿದ.

“ನಿಮ್ಮ ಹುಲ್ಲುಗಾವಲಿನ ದಾರೀಲಿ ಓಡಾಡೋದಕ್ಕೆ ತಾವು ದೊಡ್ಡ ಮನಸ್ಸು ಮಾಡಿ ಅಪ್ಪಣೆ ಕೊಡ್ಬೇಕು,” ಎಂದನಂತೆ ಲಯೊನೆಲ್.

“ನೀವು ದಿನಾ ಓಡಾಡ್ತಾನೇ ಇದ್ದೀರಲ್ಲ?”

“ಅದು ತಾವು ಸುಮ್ಮನಿದ್ದೀರಿ ಅಂತ. ನನಗೆ ಅದು ಬೇಡ. ಕೇಳಿ ಪಡೆಯೋನು ನಾನು.”

ಪೆರೆಗ್ರಿನ್ ಒಂದು ಕ್ಷಣ ಅವನನ್ನೇ ನೋಡಿ, ಒಳಗೆ ಹೋಗಿ ಲಂಡನ್ನಿನಲ್ಲಿದ್ದ ತನ್ನ ವಕೀಲನಿಗೆ ಫೋನು ಮಾಡಿದ. ಹೊರಗೆ ಬಂದಾಗ ಅವನ ಕೈಯಲ್ಲಿ ಶೆರಿ ವೈನ್ ತುಂಬಿದ ಎರಡು ಲೋಟಗಳಿದ್ದವು.

“ಪಿಮ್ ಅವರೇ, ನಿಮ್ಮಂಥ ಸಜ್ಜನರು ಈ ಊರಲ್ಲಿ ಇದ್ದಾರೆ ಅಂತ ನಂಗೆ ಗೊತ್ತೇ ಇರಲಿಲ್ಲ! ನಿಮಗೊಬ್ರಿಗೆ ಯಾಕೆ? ನಿಮ್ಮ ಮುಖ ನೋಡಿ ಇಡೀ ಊರಿಗೇ ಅಪ್ಪಣೆ ಕೊಟ್ಟೆ. ಹಲಗೆ ಹಾಕಿಸ್ತೀನಿ. ನಿಮ್ಮ ಹೆಸರೂ ಇರ್ಲಿ.”

ನಾಲ್ಕು ದಿನದೊಳಗೆ ದಾರಿಯ ಎರಡೂ ತುದಿಯಲ್ಲಿ ಹಸಿರು ಹಲಗೆ ಬಂತು: ‘ಈ ದಾರಿಯಲ್ಲಿ ನಡೆಯಲು ಮಾಲೀಕರು ಅಪ್ಪಣೆ ಕೊಟ್ಟಿದ್ದಾರೆ. ಅಪ್ಪಣೆ ಕೋರಿದವರು: ಶ್ರೀ ಎಲ್. ಪಿಮ್.’

ಊರು ಆ ಹಲಗೆಯನ್ನು ಓದಿತು. ಮಿಸ್ ವಿಟಲ್ ಓದಿ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು. ಆಗಸ್ಟಿಗೆ ಇನ್ನು ಮೂರೇ ತಿಂಗಳು ಬಾಕಿಯಿತ್ತು.

ಲಯೊನೆಲ್ ಎಂದೂ ಇಲ್ಲದ ಗತ್ತಿನಲ್ಲಿ ನನ್ನ ಅಂಗಡಿಗೆ ಬಂದ. “ಹಿಲ್ಡಾ, ಪೆಪ್ಪರ್‌ಮಿಂಟ್ ಕೊಡು.”

“ಇಲ್ಲ,” ಎಂದೆ.

“ಅಲ್ಲೇ ಇದೆಯಲ್ಲ, ಜಾಡಿ ತುಂಬ.”

“ಅದು ಮಾರೋದಕ್ಕಲ್ಲ. ನೋಡೋದಕ್ಕೆ.”

ಅವನು ನನ್ನನ್ನು ಕರುಣೆಯಿಂದ ನೋಡಿದ. ಆ ನೋಟ ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ. “ಅರ್ಥವಾಗುತ್ತೆ ಹಿಲ್ಡಾ. ಇನ್ನೊಬ್ಬರ ಏಳಿಗೆ ಸಹಿಸೋದು ಕಷ್ಟ. ನಾನೂ ಆ ಸಂಕಟ ಪಟ್ಟವನೇ.”

ಊರಿಗೂರೇ ತನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದೆ ಎಂದು ಅವನು ತಿಳಿದಿದ್ದ! ಜೀವಮಾನವೆಲ್ಲ ಹೊಟ್ಟೆ ಉರಿದುಕೊಂಡವನಿಗೆ ಬೇರೆ ಯಾವ ಉರಿಯೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಪಬ್ಬಿನಲ್ಲಿ ಅವನು ಕೂತ ಬೆಂಚಿನಿಂದ ಎಲ್ಲರೂ ಎದ್ದು ಹೋದರು. ‘ಜಾಗ ಬಿಟ್ಟುಕೊಟ್ಟರು, ಗೌರವ’ ಎಂದುಕೊಂಡ. ಚರ್ಚಿನ ಬಾಗಿಲಲ್ಲಿ ಪಾದ್ರಿಗಳು ಅವನ ಕೈ ಹಿಡಿದು, “ದೇವರು ನಿನ್ನನ್ನ ಕ್ಷಮಿಸ್ತಾನೆ ಲಯೊನೆಲ್. ನಾನು ಇನ್ನೂ ತೀರ್ಮಾನ ಮಾಡಿಲ್ಲ,” ಎಂದರು. ‘ಪಾದ್ರಿಗಳನ್ನೂ ಬಿಟ್ಟಿಲ್ಲ ನೋಡು ಈ ಹೊಟ್ಟೆಕಿಚ್ಚು’ ಎಂದುಕೊಂಡ. ಬೇಲಿಯ ಮೇಲೆ ಬಾಗಿ ಡೆನ್ಜಿಲ್‌ನನ್ನು ಸಂತೈಸಲೂ ಹೋದ.

“ಬೇಜಾರು ಮಾಡ್ಕೋಬೇಡ ಕಣಯ್ಯ. ನಿನಗೂ ಪೆರೆಗ್ರಿನ್ ಹತ್ರ ಒಂದು ಮಾತು ಹೇಳ್ತೀನಿ.”

“ಯಾತಕ್ಕೆ?” ಎಂದ ಡೆನ್ಜಿಲ್, ಇವರ ಮರದ ಚೆರ್ರಿ ಹಣ್ಣು ಕಿತ್ತು ತಿನ್ನುತ್ತ.

ಮೇವಿಸ್ ಮಾತು ಬಿಟ್ಟಿದ್ದಳು. ಅದನ್ನೂ ಅವನು ಹೆಮ್ಮೆಯಿಂದ ಮಾತು ಹೊರಡುತ್ತಿಲ್ಲ ಎಂದು ಲೆಕ್ಕ ಹಾಕಿದ್ದ.

ಅಪ್ಪಣೆಯ ದಾರಿಗಳಿಗೆ ಒಂದು ಪದ್ಧತಿಯಿದೆ. ವರ್ಷಕ್ಕೊಂದು ದಿನ ಮಾಲೀಕ ಅದನ್ನು ಮುಚ್ಚಿಡುತ್ತಾನೆ. ನೀವು ನಡೆಯುತ್ತಿರುವುದು ನನ್ನ ಕೃಪೆಯಿಂದ ಎಂದು ನೆನಪಿಸಲಿಕ್ಕೆ. ಪೆರೆಗ್ರಿನ್‌ಗೆ ತಡೆಯಲಾಗಲಿಲ್ಲ, ಜುಲೈನಲ್ಲೇ ಮುಚ್ಚಿದ. ಅಲ್ಲದೆ ಬೀಗದ ಕೈಯನ್ನು ಲಯೊನೆಲ್‌ಗೇ ಕೊಟ್ಟು, “ಈ ಗೌರವ ನಿಮಗೇ ಸಲ್ಲಬೇಕು,” ಎಂದ.

ಬೆಳಿಗ್ಗೆ ಲಯೊನೆಲ್ ಗೇಟಿಗೆ ಬೀಗ ಹಾಕಿ ಒಳಗಡೆ ಕೈಕಟ್ಟಿ ನಿಂತ. ನಾವು ಒಂದಷ್ಟು ಜನ ಹೊರಗಡೆ ನಿಂತು ಬೈಯುತ್ತಿದ್ದೆವು. ಮೇವಿಸ್ ಚೀಲ ಹಿಡಿದು ಓಡುತ್ತ ಬಂದಳು.

“ತೆಗಿ ಬಾಗಿಲು. ಬಸ್ಸು ಬರ್ತಿದೆ.”

“ಇವತ್ತು ಅಪ್ಪಣೆ ಇಲ್ಲ ಮೇವಿಸ್.”

“ಲಯೊನೆಲ್!”

“ನಾಳೆ ನೀನೇ ಮೊದಲು ಹೋಗು. ಇವತ್ತು ಮಾತ್ರ ಯಾರೂ ಕೂಡದು, ನಿಯಮ ಅಂದ್ರೆ ನಿಯಮ. ಹೆಂಡತಿ ಅಂತ ಬಿಟ್ರೆ ನಾಳೆ ಜನ ಏನಂತಾರೆ?”

ಜನ ಏನನ್ನುತ್ತಿದ್ದರೆಂದು ಇಲ್ಲಿ ಬರೆಯುವ ಹಾಗಿಲ್ಲ. ಅಷ್ಟರಲ್ಲಿ ಹಿಂದಿನಿಂದ ಡೆನ್ಜಿಲ್ ಬಂದ. ಹಲಗೆ ನೋಡಲಿಲ್ಲ, ಬೀಗ ನೋಡಲಿಲ್ಲ. “ಬಾ, ಹೊತ್ತಾಗುತ್ತೆ,” ಎನ್ನುತ್ತ ಮೇವಿಸ್‌ಳನ್ನು ಎರಡೂ ಕೈಯಿಂದ ಎತ್ತಿ ಗೇಟಿನ ಆಚೆಗೆ ಇಳಿಸಿದ. ತಾನೂ ಹಾರಿದ. ಇಬ್ಬರೂ ಹುಲ್ಲಿನಲ್ಲಿ ಓಡಿದರು. ಅವಳ ಟೋಪಿ ಬಿದ್ದರೆ ಅವನು ಹಿಡಿದ. ಬಸ್ಸು ಸಿಕ್ಕಿತು.

ಲಯೊನೆಲ್‌ನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. “ನೋಡಿದ್ರಾ! ನೋಡಿದ್ರಾ! ಎತ್ತಿಕೊಂಡ! ಅಪ್ಪಣೆ ಕೇಳಿದ್ನಾ ನನ್ನ?”

ಆಗ ಮಿಸ್ ವಿಟಲ್ ಮುಂದೆ ಬಂದು, ಗೇಟಿನ ಕಂಬಿಗಳ ಸಂದಿಯಿಂದ ಮುಖ ತೂರಿಸಿ, ಸಭೆಯಲ್ಲಿ ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳಿದರು. ಸುಮ್ಮನೆ ಬಿಟ್ಟದ್ದು ಹೇಗೆ ಹಕ್ಕಾಗುತ್ತಿತ್ತು, ಕೇಳಿ ಪಡೆದದ್ದು ಹೇಗೆ ಭಿಕ್ಷೆಯಾಯಿತು, ಮುಂದಿನ ವರ್ಷ ಪೆರೆಗ್ರಿನ್ ಈ ಗೇಟನ್ನು ಒಂದು ದಿನವಲ್ಲ, ಮುನ್ನೂರ ಅರವತ್ತೈದು ದಿನವೂ ಹೇಗೆ ಮುಚ್ಚಬಹುದು, ಎಲ್ಲ.

ಲಯೊನೆಲ್ ಬೀಗದ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಹಾಗಾದ್ರೆ,” ಎಂದ, “ಯಾರಿಗೂ ನನ್ನ ಮೇಲೆ ಹೊಟ್ಟೆಕಿಚ್ಚು ಇಲ್ವಾ?”

ಅವನು ಅಷ್ಟು ಸಣ್ಣ ದನಿಯಲ್ಲಿ ಕೇಳಿದ ಕಾರಣ ನನಗೂ ಕರುಳು ಚುರುಕ್ ಎಂದಿತು. ಆದರೂ ಪೆಪ್ಪರ್‌ಮಿಂಟ್ ಕೊಡಲಿಲ್ಲ. ಆ ಸಂಜೆ ಮೇವಿಸ್ ಒಂದೇ ಒಂದು ಮಾತಾಡಿದಳಂತೆ: “ಆ ದಾರಿ ಪೂರ್ತಿಯಾಗಿ ಮುಚ್ಚಿದ ದಿನ ನಾನು ಪಟ್ಟಣದಲ್ಲಿ ನನ್ನ ಅಕ್ಕನ ಮನೆಗೆ ಹೋಗಿ ಇರ್ತೀನಿ. ನಿನ್ನ ಅಪ್ಪಣೆ ಕೇಳ್ತಿಲ್ಲ, ತಿಳಿಸ್ತಿದ್ದೀನಿ.”

ಮಿಸ್ ವಿಟಲ್ ಸೋಲೊಪ್ಪುವ ಹೆಂಗಸಲ್ಲ. ದಾರಿ ಊರಿನದೇ ಎಂದು ವಾದ ಹೂಡಿಯೇಬಿಟ್ಟರು. ಅಕ್ಟೋಬರಿನಲ್ಲಿ ಸರ್ಕಾರದಿಂದ ಒಬ್ಬ ಅಧಿಕಾರಿಣಿ ವಿಚಾರಣೆಗೆ ಬಂದು ಸಮುದಾಯ ಭವನದಲ್ಲಿ ಕೂತರು. ಒಂದು ಕಡೆ ಪೆರೆಗ್ರಿನ್, ಅವನ ಲಂಡನ್ ವಕೀಲ. ಇನ್ನೊಂದು ಕಡೆ ನಾವು. ಮೂಲೆಯಲ್ಲಿ, ಎರಡೂ ಕಡೆಗೆ ಸೇರದ ಕುರ್ಚಿಯಲ್ಲಿ ಲಯೊನೆಲ್.

“ಬಸ್ ಸ್ಟಾಪಿನ ಲೆಕ್ಕ ಹಿಡಿದರೆ ಮೂರು ತಿಂಗಳು ಕಡಿಮೆ ಬೀಳುತ್ತೆ,” ಎಂದರು ಅಧಿಕಾರಿಣಿ. “ಅದಕ್ಕೂ ಮುಂಚೆ ಈ ದಾರೀಲಿ ಯಾರಾದ್ರೂ ಓಡಾಡ್ತಿದ್ರಾ?”

“ಹಾಡೋರು ಓಡಾಡ್ತಿದ್ವಿ,” ಎಂದ ಡೆನ್ಜಿಲ್ ಕೂತಲ್ಲಿಂದಲೇ. ಹುಲ್ಲುಗಾವಲಿನಾಚೆಯ ಹಳೆಯ ಪ್ರಾರ್ಥನಾ ಮಂದಿರದಲ್ಲಿ ಆಗೆಲ್ಲ ಊರಿನ ಹಾಡಿನ ತಂಡ ಅಭ್ಯಾಸ ಮಾಡುತ್ತಿತ್ತು.

“ಯಾವ ವರ್ಷ?”

“ಯಾವುದೋ ವರ್ಷ ಮೇಡಂ. ಸ್ಟಾಪು ಬರೋ ಮುಂಚೇನೋ, ಆಮೇಲೋ. ಅದನ್ನೆಲ್ಲ ಯಾರು ನೆನಪಿಟ್ಕೋತಾರೆ?”

ಲಂಡನ್ ವಕೀಲ ಮುಗುಳ್ನಕ್ಕ. ತಂಡದ ಉಳಿದವರಲ್ಲಿ ಕೆಲವರು ತೀರಿಕೊಂಡಿದ್ದರು, ಬದುಕಿದ್ದವರು ಒಬ್ಬೊಬ್ಬರು ಒಂದೊಂದು ವರ್ಷ ಹೇಳಿದರು. ಮೇವಿಸ್ ಕುರ್ಚಿಯಿಂದ ಅರ್ಧ ಎದ್ದು, ಮೂಲೆಯ ಕಡೆ ನೋಡಿ, ಮತ್ತೆ ಕೂತಳು.

“ನನಗೆ ನೆನಪಿದೆ,” ಎಂದ ಲಯೊನೆಲ್ ಎದ್ದು ನಿಂತು.

“ನೀವು ಹಾಡಿನ ತಂಡದಲ್ಲಿದ್ರಾ?”

“ಇಲ್ಲ ಮೇಡಂ. ಬೇಲಿ ಹಿಂದೆ ಇದ್ದೆ.”

ಸಭೆಯೆಲ್ಲ ಮೂಲೆಯ ಕಡೆಗೆ ತಿರುಗಿತು.

“ನಮ್ಮ ಮದುವೆ ಆದದ್ದು ಬಸ್ ಸ್ಟಾಪು ಬದಲಾಗೋ ಹಿಂದಿನ ವರ್ಷ. ಚರ್ಚಿನಲ್ಲಿ ದಾಖಲೆ ಇದೆ. ಇದು ಮದುವೆಗೂ ಮುಂಚಿನ ಬೇಸಿಗೆ. ಪ್ರತಿ ಗುರುವಾರ ಸಂಜೆ. ಎಲ್ಲರಿಗಿಂತ ಮುಂದೆ ಗಿಲ್‌ಪಿನ್ ದಂಪತಿಗಳು, ಅವರ ಹಿಂದೆ ಕಟುಕರ ಮನೆ ಅಕ್ಕತಂಗಿಯರು. ಎಲ್ಲರಿಗಿಂತ ಹಿಂದೆ, ಬೇಕಂತಲೇ ನಿಧಾನವಾಗಿ, ಈ ಡೆನ್ಜಿಲ್, ಮೇವಿಸ್ ಇಬ್ರು. ಮೇವಿಸ್ ಹಳದಿ ಸ್ವೆಟರ್ ಹಾಕ್ಕೋತಿದ್ಲು. ಮೇಲಿನ ಗುಂಡಿ ಬೇರೆ ಬಣ್ಣದ್ದು. ಅವಳ ಹಾಡಿನ ಪುಸ್ತಕವನ್ನೂ ಇವನೇ ಹಿಡ್ಕೋತಿದ್ದ. ಒಂದು ವಾರಾನೂ ತಪ್ಪಲಿಲ್ಲ ಮೇಡಂ, ನಾನೂ ತಪ್ಪಲಿಲ್ಲ.”

ಲಂಡನ್ ವಕೀಲ ಎದ್ದ. “ಇಬ್ಬರು ಯುವಕ ಯುವತಿ, ಸಂಜೆ ಹೊತ್ತು. ಕದ್ದುಮುಚ್ಚಿ ಹೋಗ್ತಿದ್ರು ಅನ್ನಿ?”

ಕದ್ದು ಹೋದ ನಡಿಗೆ ಲೆಕ್ಕಕ್ಕೆ ಬರುವುದಿಲ್ಲ. ಮಿಸ್ ವಿಟಲ್ ಕಣ್ಣು ಮುಚ್ಚಿಕೊಂಡರು.

“ಕದ್ದಾ?” ಲಯೊನೆಲ್‌ನ ದನಿ ಚಾವಣಿಗೆ ತಾಗಿತು. “ಕದ್ದು ಹೋಗೋಷ್ಟು ನಾಚಿಕೆ ಇವನಿಗೆ ಎಲ್ಲಿತ್ತು ಸ್ವಾಮಿ? ಊರಿಗೆಲ್ಲ ಕೇಳೋ ಹಾಗೆ ನಗ್ತಾ ಹೋಗ್ತಿದ್ರು! ಹಳೇ ಥ್ರೆಲ್‌ಫಾಲ್ ಟ್ರ್ಯಾಕ್ಟರ್ ಮೇಲೆ ಕೂತು ನೋಡ್ತಿದ್ದ, ಒಂದು ದಿನ ಟೋಪಿ ಕೂಡ ಎತ್ತಿದ!”

“ಗೇಟು ಮುರಿದೋ, ಬೇಲಿ ಕಿತ್ತೋ?”

“ಗೇಟು ತೆರೆದೇ ಇರ್ತಿತ್ತು. ಆದ್ರೂ ಇವನು ಅವಳಿಗೋಸ್ಕರ ಹಿಡ್ಕೊಂಡು ನಿಲ್ತಿದ್ದ. ರಾಜಕುಮಾರ!”

“ಅವರು ಮಾಲೀಕರ ಅಪ್ಪಣೆ ಕೇಳಿದ್ರಾ?” ಇದನ್ನು ಕೇಳಿದವರು ಅಧಿಕಾರಿಣಿ, ಮೃದುವಾಗಿ.

ಲಯೊನೆಲ್ ಡೆನ್ಜಿಲ್‌ನ ಕಡೆ ಬೆರಳು ತೋರಿಸಿದ. ಇಪ್ಪತ್ತು ವರ್ಷದ ಕಸ್ಟರ್ಡು, ಏಣಿ, ಚಿಪ್ಸು ಎಲ್ಲ ಆ ಬೆರಳಿನ ತುದಿಗೆ ಬಂದು ನಿಂತಿದ್ದವು.

“ಇವನಾ ಮೇಡಂ? ಇವನು ಹುಟ್ಟುವಾಗ ಅವನ ಅಮ್ಮನ ಅಪ್ಪಣೇನೂ ಕೇಳಿರಲಿಕ್ಕಿಲ್ಲ!”

ಅಧಿಕಾರಿಣಿ ಬರೆದುಕೊಂಡರು. ಕೆಳಗೆ ಎರಡು ಗೆರೆ ಎಳೆದರು. ‘ನನಗೆ ಸಾಕು’ ಎಂದರು. ಕ್ರಿಸ್‌ಮಸ್‌ಗೆ ಮುಂಚೆ ತೀರ್ಪು ಬಂತು, ದಾರಿ ಊರಿನದಾಯಿತು, ಹಸಿರು ಹಲಗೆಗಳು ಪಾದ್ರಿಗಳ ಕೋಳಿಗೂಡಿನ ಗೋಡೆಗಳಾದವು.

ಆದರೆ ಲಯೊನೆಲ್‌ನ ತೀರ್ಪು ಅಂದೇ ಆಯಿತು, ಭವನದ ಮೆಟ್ಟಿಲಲ್ಲಿ. ಊರವರು ಬಂದು ಅವನ ಬೆನ್ನು ತಟ್ಟುತ್ತಿದ್ದರು, ಅವನು ಯಾರನ್ನೂ ನೋಡುತ್ತಿರಲಿಲ್ಲ. ಊರೆದುರಿಗೆ ಬೇಲಿ ಹಿಂದೆ ನಿಂತ ಕಥೆ ಹೇಳಿಕೊಂಡ ಗಂಡಸಿಗೆ ಎಲ್ಲಿ ನೋಡುವುದು ಎಂದು ಗೊತ್ತಾಗುವುದಿಲ್ಲ. ಮೇವಿಸ್ ಅವನ ಮುಂದೆ ಬಂದು ನಿಂತಳು. ನಾನು ಪಕ್ಕದಲ್ಲೇ ಇದ್ದೆ. ಇರಲು ಯಾರನ್ನೂ ಕೇಳಲಿಲ್ಲ.

“ನೀನು ಎದ್ದೇಳದಿದ್ರೆ ನಾನೇ ಹೇಳೋಳಿದ್ದೆ,” ಎಂದಳು.

“ನಿನಗೇನು ಗೊತ್ತಿತ್ತು?”

“ನಿನ್ನ ಟೋಪಿ ಬೇಲಿ ಮೇಲೆ ಕಾಣ್ತಿತ್ತು ಕಣೋ, ಪೆದ್ದ. ಪ್ರತಿ ಗುರುವಾರ.”

ಲಯೊನೆಲ್‌ನ ಕೈ ತಲೆಯ ಮೇಲಿನ ಟೋಪಿಗೆ ಹೋಯಿತು.

“ಡೆನ್ಜಿಲ್ ಆ ಬೇಸಿಗೆಯೆಲ್ಲ ಅವನ ಟೊಮೇಟೊ ಗಿಡದ ರೋಗದ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ,” ಎಂದಳು ಮೇವಿಸ್. “ಅದರಲ್ಲಿ ನಗೋದಕ್ಕೇನಿತ್ತು? ನಾನು ಅಷ್ಟು ಜೋರಾಗಿ ನಗ್ತಿದ್ದದ್ದು ಯಾರಿಗೆ ಕೇಳಲಿ ಅಂತ? ಈಗ ಹೊರಗೆ ಬರ್ತಾನೆ, ಆಗ ಬರ್ತಾನೆ ಅಂತ ಕಾದೆ. ನೀನು ಚಳಿಗಾಲಕ್ಕೆ ಬಂದೆ. ಅದೂ ನಮ್ಮಪ್ಪನ ಅಪ್ಪಣೆ ಕೇಳೋದಕ್ಕೆ!”

ಅವಳ ಕಣ್ಣಲ್ಲಿ ನೀರಿತ್ತು. ಲಯೊನೆಲ್ ನಿಧಾನವಾಗಿ ಕೈ ಮುಂದೆ ಚಾಚಿ, ಅರ್ಧಕ್ಕೆ ನಿಲ್ಲಿಸಿ, “ಮೇವಿಸ್, ನಾನು ನಿನ್ನ...” ಎಂದ.

“ಕೇಳಿದ್ರೆ ಇಲ್ಲ ಅಂತೀನಿ.”

ಅವನು ಬಾಯಿ ಮುಚ್ಚಿ ಅವಳ ಕೈ ಹಿಡಿದುಕೊಂಡ. ಇಬ್ಬರೂ ಬೀದಿಯ ಕೊನೆಯವರೆಗೆ ಹಾಗೆಯೇ ನಡೆದು ಹುಲ್ಲುಗಾವಲಿನ ಗೇಟಿನ ಹತ್ತಿರ ಬಂದರು. ಹಿಂದಿನಿಂದ ಡೆನ್ಜಿಲ್ ಬಂದ. ಯಾವತ್ತೂ ಇಲ್ಲದ ಹಾಗೆ ಅವನು ಕಾಲು ಎಳೆಯುತ್ತ ಬಂದು ಗೇಟಿನ ಈಚೆಗೇ ನಿಂತ. ಹಿಡಿದುಕೊಂಡ ಕೈಗಳನ್ನು ನೋಡಿದ. ಆ ಬೇಸಿಗೆಯ ನಗುವಿನ ಬಗ್ಗೆ ಅವನೂ ಇಷ್ಟು ವರ್ಷ ತನ್ನದೇ ಒಂದು ಲೆಕ್ಕ ಇಟ್ಟುಕೊಂಡಿದ್ದನೋ ಏನೋ, ಮುಖ ಸಪ್ಪಗಾಗಿತ್ತು. ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ.

“ಲಯೊನೆಲ್,” ಎಂದ, “ನಾನೂ ನಿಮ್ಮ ಜೊತೆ ಬರಬಹುದಾ?”

ಬದುಕಿನಲ್ಲಿ ಮೊದಲ ಸಲ ಅವನು ಅಪ್ಪಣೆ ಕೇಳಿದ್ದ, ಅದೂ ಲಯೊನೆಲ್ ಪಿಮ್‌ನನ್ನು. ಲಯೊನೆಲ್ ಅವಸರ ಮಾಡಲಿಲ್ಲ. ಆಕಾಶ ನೋಡಿದ, ಹುಲ್ಲು ನೋಡಿದ, ಹೆಂಡತಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

“ಇಲ್ಲ,” ಎಂದ.

ಡೆನ್ಜಿಲ್ ಎರಡು ಮೈಲಿಯ ಸುತ್ತು ರಸ್ತೆ ಹಿಡಿದು ಹೋದ.